ತನಿ ಶುರುವಾದಾಗ ಏಳಬೇಡಿ: ಕಛೇರಿ ಕೇಳುವವರಿಗೆ

ಉಡುಪಿಯ ರಾಜಾಂಗಣವಿರಲಿ, ಮಂಗಳೂರಿನ ಪುರಭವನವಿರಲಿ, ಕರ್ನಾಟಕ ಸಂಗೀತ ಕಛೇರಿಯಲ್ಲಿ ಕುರ್ಚಿಗಳು ಖಾಲಿಯಾಗುವ ಹೊತ್ತು ಒಂದೇ: ತನಿ ಆವರ್ತನ, ಅಂದರೆ ಹಾಡು ನಿಂತು ಮೃದಂಗದಂಥ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ. ಕಾಫಿ, ಫೋನು, ಬಸ್ಸು, ಎಲ್ಲವೂ ಆಗಲೇ ನೆನಪಾಗುತ್ತವೆ. ಲೆಕ್ಕ ಹಿಡಿಯಲು ಬಂದರೆ ಅದೇ 15–20 ನಿಮಿಷ ಇಡೀ ಕಛೇರಿಯಲ್ಲಿ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತದೆ.

ಮೊದಲು ಜಾಗ. ಎದುರು ಸಾಲು ಕಲಾವಿದರ ಮುಖ ನೋಡಲು ಒಳ್ಳೆಯದು, ಕೇಳಲು ಅಲ್ಲ. ಸ್ಪೀಕರಿನ ಸ್ವರ ತಲೆಯ ಮೇಲಿಂದ ಹಾದುಹೋಗುತ್ತದೆ, ಮೃದಂಗದ ಪೆಟ್ಟು ಮಾತ್ರ ನೇರ ಕಿವಿಗೆ ಬೀಳುತ್ತದೆ. ಸದ್ದು ಹೊಂದಿಸುವ ಮಿಕ್ಸರ್ ಸಭೆಯ ನಡುವೆ ಇದ್ದರೆ ಅದರ ಒಂದೆರಡು ಸಾಲು ಮುಂದೆ ಕೂರಿ; ಸೌಂಡಿನವರು ಹದ ಮಾಡುವುದು ಅಲ್ಲಿ ಕೇಳಿದ್ದನ್ನು ನಂಬಿಯೇ. ಮಿಕ್ಸರನ್ನು ವೇದಿಕೆಯ ಮೂಲೆಗೆ ತಳ್ಳಿದ್ದರೆ, ಎರಡು ಸ್ಪೀಕರಿನಿಂದಲೂ ಸಮದೂರ ಇರುವ ಜಾಗ ಹುಡುಕಿ. ಪೆಡೆಸ್ಟಲ್ ಫ್ಯಾನಿನ ಎದುರು ಬೇಡ. ಸೆಕೆ ಹೌದು, ಆದರೆ ಆ ಸದ್ದಿನಲ್ಲಿ ತಂಬೂರ ಮುಳುಗುತ್ತದೆ. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನಂಥ ಬಯಲಿನಲ್ಲಿ ಇನ್ನೊಂದು ತೊಂದರೆ: ಸದ್ದು 35 ಮೀಟರ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಹಿಂದೆ ಕೂತು ಗಾಯಕರ ಕೈ ನೋಡಿ ತಾಳ ಹಾಕಿದರೆ ತಪ್ಪುತ್ತದೆ. ಕಿವಿಯನ್ನೇ ನಂಬಿ.

ಇನ್ನು ತಾಳ. ಆದಿತಾಳ ಒಂದು ಬಂದರೆ ಮುಕ್ಕಾಲು ಕಛೇರಿ ದಾಟಬಹುದು. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ, ನಡುಬೆರಳು: ನಾಲ್ಕಾಯಿತು. ಮತ್ತೆ ಪೆಟ್ಟು, ಅಂಗೈ ಮೇಲೆ ಮಾಡಿ ಬೀಸು; ಇದು ಎರಡು ಸಲ. ಒಟ್ಟು 8, ಇದೇ ಒಂದು ಆವರ್ತನ; ಅದರ ಮೊದಲ ಪೆಟ್ಟೇ ಸಮ. ಎಡವುವುದು ಇಲ್ಲಲ್ಲ, ತನಿ ಬರುವ ಪ್ರಧಾನ ಕೃತಿಯಲ್ಲಿ. ಅದು ಹೆಚ್ಚಾಗಿ ಎರಡು ಕಳೆಯಲ್ಲಿರುತ್ತದೆ, ಅಂದರೆ ಪ್ರತಿ ಕ್ರಿಯೆಯೂ ಎರಡೆರಡು ಸಲ. ಇದು ಗೊತ್ತಿಲ್ಲದವರು ಅರ್ಧ ಆವರ್ತನಕ್ಕೇ ‘ಸಮ ಬಂತು’ ಅಂದುಕೊಳ್ಳುತ್ತಾರೆ. ಸಾಹಿತ್ಯವೂ ಸಮಕ್ಕೇ ಶುರುವಾಗಬೇಕೆಂದಿಲ್ಲ. ಅರ್ಧವೋ ಒಂದೂವರೆಯೋ ಪೆಟ್ಟು ಬಿಟ್ಟು ಎತ್ತುವುದು ಮಾಮೂಲು. ಆ ಎಡುಪನ್ನು, ಅಂದರೆ ಸಾಲು ಎತ್ತುವ ಜಾಗವನ್ನು, ತನಿಗೆ ಮೊದಲೇ, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್‌ನಲ್ಲೇ ಗುರುತು ಹಾಕಿಕೊಳ್ಳಿ. ಮಿಶ್ರಛಾಪು ತಾಳ ಬಂದರೆ ಬೆರಳೆಣಿಕೆ ಬಿಡಿ, ಮನಸ್ಸಿನಲ್ಲಿ ‘ತಕಿಟ ತಕಧಿಮಿ’ ಅಂದುಕೊಂಡರೆ 7 ಸಿಗುತ್ತದೆ.

ತನಿಯಲ್ಲಿ ಕೈ ತಪ್ಪಿದರೆ ಗಾಬರಿ ಬೇಡ. ತಾಳ ಹಾಕುವ ಗಾಯಕರನ್ನು ನೋಡಿ ಸಮಕ್ಕೆ ಮತ್ತೆ ಸೇರಿಕೊಳ್ಳಿ. ಘಟವೋ ಖಂಜಿರವೋ ಇದ್ದರೆ ಮೃದಂಗದ ಜೊತೆ ಸರದಿಯಲ್ಲಿ ನುಡಿಯುತ್ತದೆ. ಸರದಿ ಚಿಕ್ಕದಾಗುತ್ತ ಬಂದರೆ ಕೊನೆ ಹತ್ತಿರವೆಂದು ತಿಳಿಯಿರಿ. ಇಬ್ಬರೂ ಸೇರಿ ಮುಕ್ತಾಯದ ಮುನ್ಸೂಚನೆಯಾದ ಮೋಹರ ನುಡಿಸುತ್ತಾರೆ, ಆಮೇಲೆ ಲೆಕ್ಕ ಕಟ್ಟಿದ ಮುಕ್ತಾಯದ ನುಡಿ, ಒಂದೇ ಕೋರ್ವೆ ಮೂರು ಸಲ. ಮೂರನೆಯದು ನೀವು ಗುರುತು ಹಾಕಿದ ಎಡುಪಿಗೇ ಬಂದು ಬೀಳುತ್ತದೆ, ಗಾಯಕರು ಸಾಲು ಎತ್ತುತ್ತಾರೆ. ಚಪ್ಪಾಳೆ ಅಲ್ಲಿ. ಎರಡನೆಯದಕ್ಕೇ ತಟ್ಟಿದರೆ ಮುಗಿಯಿತು, ಪಕ್ಕದವರ ಲೆಕ್ಕವೂ ಹೋಗುತ್ತದೆ.

ಕರಾವಳಿಯಲ್ಲಿ ಮೃದಂಗದವರಿಗೆ ಇನ್ನೊಂದು ಕೆಲಸ ಹೆಚ್ಚು. ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಎಸಿ ಹಾಲಿನಲ್ಲಿ ಒಣಗಿ ಏರುತ್ತದೆ. ಕಲ್ಲು, ಮರದ ತುಂಡು ಹಿಡಿದು ಅಂಚಿನ ಹೆಣಿಗೆಗೆ ಕುಟ್ಟುವುದು ಅದಕ್ಕೇ: ಮೇಲಿನಿಂದ ಕುಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಕುಟ್ಟಿದರೆ ಇಳಿಯುತ್ತದೆ. ಆಗ ಅವರಿಗೆ ತಂಬೂರ ಕೇಳಿಸಬೇಕು. ಹರಟೆ ಹೊಡೆಯಲು ಸಿಕ್ಕಿದ ಬಿಡುವು ಅದಲ್ಲ ಮಾರಾಯ್ರೆ.

ತನಿ ಮುಗಿದರೆ ಕಛೇರಿ ಮುಗಿದ ಹಾಗಲ್ಲ. ದಾಸರ ಪದ, ತಿಲ್ಲಾನ ಬರುವುದು ಆಮೇಲೆ, ಕೊನೆಗೆ ಮಂಗಳ. ರಾತ್ರಿ ಬಸ್ಸಿಗೆ ಕಾಯುವವರು ಮೊದಲೇ ಹಿಂತಿರುಗುವ ವ್ಯವಸ್ಥೆ ಮಾಡಿಕೊಳ್ಳಿ. ಹೋಗಲೇಬೇಕಾದರೆ ಹಾಡಿನ ನಡುವೆ ಬೇಡ, ಎರಡು ಹಾಡಿನ ಮಧ್ಯೆ ಏಳಿ.