590 ರೂಪಾಯಿ 31 ಸಾವಿರ ಆಗಿತ್ತು: ವಸೂಲಿ ಏಜೆನ್ಸಿ ಜೊತೆ ನನ್ನ ತಕರಾರು

ಕಾರ್ಡ್ ಮುಚ್ಚಿಸಿದ್ದು 2020ರಲ್ಲಿ. ವಸೂಲಿ ಏಜೆನ್ಸಿಯ ಫೋನ್ ಬಂದಿದ್ದು 2024ರಲ್ಲಿ. ನಡುವೆ ಆ ಕಾರ್ಡಿನಿಂದ ಒಂದು ರೂಪಾಯಿ ಸಾಮಾನನ್ನೂ ನಾನು ಕೊಂಡಿರಲಿಲ್ಲ. ಆದರೂ ಅವರ ಪಟ್ಟಿಯಲ್ಲಿ ನಾನು 31 ಸಾವಿರ ರೂಪಾಯಿ ಬಾಕಿದಾರಳು. ಕೊನೆಗೆ ಆ ಬಾಕಿ ಪೂರ್ತಿ ರದ್ದಾಯಿತು. ವಕೀಲರನ್ನು ಇಟ್ಟುಕೊಳ್ಳಲಿಲ್ಲ, ಯಾರ ಶಿಫಾರಸೂ ಇರಲಿಲ್ಲ. ಇಂಥದ್ದೇ ಫೋನ್ ಬಂದು, ಮರ್ಯಾದೆಗೆ ಅಂಜಿ, ಕೊಡಬೇಕಿಲ್ಲದ ದುಡ್ಡು ಕಟ್ಟಿದವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಆಫೀಸಿಗೇ ಬಂದು 'ಲೈಫ್‌ಟೈಮ್ ಫ್ರೀ' ಎಂದು ಹೇಳಿ ಮಾಡಿಸಿಕೊಟ್ಟ ಕ್ರೆಡಿಟ್ ಕಾರ್ಡ್ ಅದು. ಊರಿಗೆ ವಾಪಸ್ ಬರುವಾಗ ಕೊನೆಯ ಬಿಲ್ ಪೂರ್ತಿ ಕಟ್ಟಿ, ಮೇಲ್ ಮಾಡಿ ಮುಚ್ಚಿಸಿದೆ. ಬ್ಯಾಂಕಿನ ಒಳಗೆ ಅದು ಮುಚ್ಚಿರಲೇ ಇಲ್ಲ. ಮಾರನೇ ವರ್ಷ ವಾರ್ಷಿಕ ಶುಲ್ಕ 500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 590 ರೂಪಾಯಿ ಹಾಕಿದ್ದಾರೆ. ಬಿಲ್ ಹೋಗಿದ್ದು ನಾನು ಬಿಟ್ಟು ಬಂದ ಆಫೀಸಿನ ಮೇಲ್‌ಗೆ ಮತ್ತು ಆಫೀಸಿನವರೇ ಕೊಟ್ಟಿದ್ದ ಸಿಮ್‌ಗೆ. ಕಟ್ಟದ ಶುಲ್ಕಕ್ಕೆ ಲೇಟ್ ಫೀ, ಲೇಟ್ ಫೀಗೆ ಜಿಎಸ್‌ಟಿ, ಎಲ್ಲದಕ್ಕೂ ತಿಂಗಳಿಗೆ ಶೇ. 3.5 ಬಡ್ಡಿ, ಬಡ್ಡಿಗೆ ಮತ್ತೆ ಜಿಎಸ್‌ಟಿ. ಮೂರು ವರ್ಷದಲ್ಲಿ ಅದು ಹಾಗೆ ಬೆಳೆಯಿತು.

ಮೊದಲ ಫೋನ್ ನನಗೆ ಬರಲಿಲ್ಲ, ನಮ್ಮ ಅಣ್ಣನಿಗೆ ಹೋಯಿತು. ಅರ್ಜಿಯಲ್ಲಿ ರೆಫರೆನ್ಸ್ ಎಂದು ಅವನ ನಂಬರ್ ಇತ್ತು. ಕೊರಿಯರ್ ಬಂದಿದೆ ಎಂದು ಸುಳ್ಳು ಹೇಳಿ ನನ್ನ ಈಗಿನ ನಂಬರ್ ತೆಗೆದುಕೊಂಡರು. ಆಮೇಲೆ ಅವನಿಗೇ ಮತ್ತೆ ಫೋನ್ ಮಾಡಿ, ನಿಮ್ಮ ತಂಗಿ ಬ್ಯಾಂಕಿಗೆ ಮೋಸ ಮಾಡಿದ್ದಾಳೆ, ಪೊಲೀಸರು ಮನೆಗೆ ಬರುತ್ತಾರೆ ಎಂದರು. ಅಣ್ಣ ಪಾಪ ಗಾಬರಿಯಾಗಿ ನನಗೆ ಫೋನ್ ಮಾಡಿದ. "ಹೋಗ್ಲಿ ಬಿಡೇ, ನಾನೇ ಕಟ್ಟಿಬಿಡ್ತೀನಿ. ಮನೆ ಬಾಗಿಲಿಗೆ ಪೊಲೀಸ್ ಬರೋದು ಬೇಡ." ಈ ಮಾತು ಬರಲಿ ಎಂದೇ ಅವರು ನೆಂಟರಿಗೆ ಫೋನ್ ಮಾಡುವುದು. ಸಾಲ ಇದೆಯೋ ಇಲ್ಲವೋ ಎಂದು ಕೇಳುವ ಮೊದಲೇ ನಾವು ಮರ್ಯಾದೆಯ ಲೆಕ್ಕ ಹಾಕಲು ಶುರು ಮಾಡುತ್ತೇವೆ. ಹಾಗಾಗಿ ನಾನು ಮಾಡಿದ ಮೊದಲ ಕೆಲಸ, ಮನೆಯವರಿಗೆಲ್ಲ ವಿಷಯ ಬಿಡಿಸಿ ಹೇಳಿ, ಯಾರೂ ಒಂದು ರೂಪಾಯಿ ಕಟ್ಟಬಾರದು ಎಂದು ಒಪ್ಪಿಸಿದ್ದು.

ನಾನು ಸಾಗರದಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಂಡಿಯಲ್ಲಿ ಒಬ್ಬರ ಹೆಸರಿಗೆ ಬಾಕಿ ಬರೆಯಬೇಕಾದರೆ ಯಾವ ದಿನ, ಯಾವುದಕ್ಕೆ, ಯಾರ ಸಹಿ ಎಂದು ತೋರಿಸಬೇಕು. ಏಜೆನ್ಸಿಯವರಿಂದ ನಾನು ಕೇಳಿದ್ದೂ ಅಷ್ಟೇ. ಫೋನ್ ಬಂದಾಗಲೆಲ್ಲ ಒಂದೇ ಮಾತು: "ಈ ಬಾಕಿಗೆ ನನ್ನ ತಕರಾರು ಇದೆ. ನಿಮ್ಮ ಹೆಸರು, ಏಜೆನ್ಸಿ ಹೆಸರು, ಬ್ಯಾಂಕ್ ನಿಮಗೆ ಕೊಟ್ಟ ಅಧಿಕಾರ ಪತ್ರ, ತಿಂಗಳವಾರು ಸ್ಟೇಟ್‌ಮೆಂಟ್ ಮೇಲ್ ಮಾಡಿ. ಏನಿದ್ದರೂ ಬರವಣಿಗೆಯಲ್ಲಿ ಮಾತಾಡೋಣ." ಅವರು ಕೂಗಿದರೂ ಇದೇ, ನಯವಾಗಿ ಮಾತಾಡಿದರೂ ಇದೇ. ಫೋನಿನಲ್ಲಿ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಆ ಕಡೆ ಇರುವವರಿಗೆ ಬಾಕಿ ರದ್ದು ಮಾಡುವ ಅಧಿಕಾರವೇ ಇಲ್ಲ. ಅವರಿಗೆ ಬ್ಯಾಂಕ್ ಕೊಟ್ಟಿರುವುದು ವಸೂಲಿ ಕೆಲಸ ಮಾತ್ರ.

ಒಂದು ದಿನ ಬೈಕಿನಲ್ಲಿ ಒಬ್ಬ ಹುಡುಗ ಮನೆಗೇ ಬಂದ. ಗೇಟಿನ ಹತ್ತಿರವೇ ನಿಲ್ಲಿಸಿ ಐಡಿ ಕಾರ್ಡ್, ಅಧಿಕಾರ ಪತ್ರ ಕೇಳಿದೆ. ಎರಡೂ ಇರಲಿಲ್ಲ. ಯಾವ ಲೆಕ್ಕದ ಮೇಲೆ ಬಂದಿದ್ದೀಯಪ್ಪ ಎಂದು ಕೇಳಿದಾಗ ಮೊಬೈಲ್ ತೋರಿಸಿದ. ಒಂದು ಎಕ್ಸೆಲ್ ಶೀಟ್. ಅದರಲ್ಲಿ ನನ್ನದು ಒಂದು ಸಾಲು: ಹೆಸರು, ಹಳೇ ವಿಳಾಸ, ಅಣ್ಣನ ನಂಬರ್, ನನ್ನ ನಂಬರ್, ಮೊತ್ತ. ಅಷ್ಟೇ. ಆ ಮೊತ್ತ ಹೇಗೆ ಬಂತು, ನಾನು ಏನು ಕೊಂಡಿದ್ದೆ, ಕಾರ್ಡ್ ಮುಚ್ಚಲು ಕೇಳಿದ್ದೆನೇ, ಯಾವುದೂ ಅದರಲ್ಲಿ ಇರಲಿಲ್ಲ. "ಅದೆಲ್ಲ ನಮಗೆ ಕೊಡಲ್ಲ ಮೇಡಂ" ಎಂದ. ನಿಜವನ್ನೇ ಹೇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಿಸಿಲಿನಲ್ಲಿ ಊರೂರು ಅಲೆಯಲು ಇಂಥ ಶೀಟ್ ಕೊಟ್ಟು ಕಳಿಸುವವರ ಮೇಲೆ ಬಂತು. ಗಾಡಿ ನಂಬರ್ ಮತ್ತು ಸಮಯ ಬರೆದಿಟ್ಟುಕೊಂಡು ವಾಪಸ್ ಕಳಿಸಿದೆ.

ನನ್ನ ಕಡೆಯ ಕಾಗದ ಹುಡುಕಲು ಒಂದು ಸಂಜೆ ಹಿಡಿಯಿತು. ಹಳೇ ಮೇಲ್‌ಗಳಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹಾಕಿ ಹುಡುಕಿದೆ. ಕಾರ್ಡ್ ಮುಚ್ಚಿ ಎಂದು ನಾನು ಬರೆದ ಮೇಲ್, ಅದಕ್ಕೆ ಬ್ಯಾಂಕ್ ಕೊಟ್ಟ ಸರ್ವಿಸ್ ರಿಕ್ವೆಸ್ಟ್ ನಂಬರ್ ಎರಡೂ ಸಿಕ್ಕವು. ಕೊನೆಯ ಬಿಲ್ ಕಟ್ಟಿದ್ದು ಉಳಿತಾಯ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಇತ್ತು. ಇಷ್ಟು ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಜೊತೆಗೆ ಕ್ರೆಡಿಟ್ ರಿಪೋರ್ಟ್, ಅಂದರೆ ನಮ್ಮ ಸಾಲ ಮತ್ತು ಅದನ್ನು ಕಟ್ಟಿದ ದಾಖಲೆ ಇರುವ ವರದಿ, ತೆಗೆದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ನನ್ನ ರಿಪೋರ್ಟಿನಲ್ಲಿ ಆ ಕಾರ್ಡ್ ಇನ್ನೂ ಜೀವಂತ, ತಿಂಗಳುಗಟ್ಟಲೆ ಕಟ್ಟಿಲ್ಲ ಎಂಬ ದಾಖಲೆ.

ಆಮೇಲೆ ಬ್ಯಾಂಕಿಗೆ ಪತ್ರ. ಏಜೆನ್ಸಿಗಲ್ಲ, ಬ್ಯಾಂಕಿಗೆ. ಸಾಲ ಇದೆ ಎನ್ನುತ್ತಿರುವುದು ಬ್ಯಾಂಕು, ಏಜೆನ್ಸಿಯನ್ನು ಕಳಿಸಿದ್ದೂ ಅದೇ. ಏಜೆಂಟರು ಮಾಡಿದ್ದಕ್ಕೆಲ್ಲ ಬ್ಯಾಂಕೇ ಹೊಣೆ ಎಂದು ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಹೇಳಿದೆ. ಬ್ಯಾಂಕಿನ ವೆಬ್‌ಸೈಟಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಯ ಮೇಲ್ ವಿಳಾಸ ಇರುತ್ತದೆ. ಅಲ್ಲಿಗೆ ಮೇಲ್ ಮಾಡಿ, ಅದರ ಪ್ರತಿಯನ್ನು ಶಾಖೆಗೂ ಏಜೆನ್ಸಿಗೂ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಅಂಚೆಯ ರಸೀದಿಗಳನ್ನು ಪತ್ರಕ್ಕೇ ಪಿನ್ ಮಾಡಿಟ್ಟೆ.

ಪತ್ರದ ಮೊದಲ ಸಾಲು ಹೀಗಿತ್ತು: "ಈ ಬಾಕಿಯನ್ನು ನಾನು ಒಪ್ಪುವುದಿಲ್ಲ." ಇದನ್ನು ಮೊದಲಿಗೇ ಹಾಕಿದ್ದಕ್ಕೆ ಕಾರಣ ಇದೆ. 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ ಇಂಥ ಸಾಲಕ್ಕೆ ದಾವೆ ಹಾಕಲು ಮೂರು ವರ್ಷ ಅವಧಿ. ಆ ಅವಧಿ ಮುಗಿಯುವ ಮೊದಲು ನಾವು ಬರವಣಿಗೆಯಲ್ಲಿ 'ಹೌದು, ಬಾಕಿ ಇದೆ' ಎಂದರೆ ಆ ಮೂರು ವರ್ಷದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಂದಿಷ್ಟು ದುಡ್ಡು ಕಟ್ಟಿದರೂ ಹಾಗೇ ಆಗಬಹುದು. ಏಜೆಂಟರು "ಸದ್ಯಕ್ಕೆ ಒಂದು ಸಾವಿರ ಹಾಕಿ ಮೇಡಂ, ಕೇಸ್ ಹೋಲ್ಡ್ ಮಾಡಿಸ್ತೀನಿ" ಎನ್ನುತ್ತಾರಲ್ಲ, ಆ ಸಾವಿರ ಕಟ್ಟಿದರೆ ಸಾಲ ಒಪ್ಪಿದಂತೆ ಆಗಬಹುದು. ನನಗೆ ಅವರು ಕೊಟ್ಟ ಯುಪಿಐ ಐಡಿ ಕೂಡ ಯಾರೋ ಒಬ್ಬರ ಸ್ವಂತದ್ದು. ನಿಜವಾಗಿ ಸಾಲ ಇದ್ದವರೂ ಇಂಥ ಐಡಿಗೆ ದುಡ್ಡು ಹಾಕಬಾರದು. ಸಾಲದ ಖಾತೆಗೇ ಕಟ್ಟಬೇಕು, ರಸೀದಿ ತೆಗೆದುಕೊಳ್ಳಬೇಕು.

ಪತ್ರದ ಉಳಿದ ಭಾಗದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳನ್ನೇ ಮುಂದಿಟ್ಟೆ. 2022ರ ಏಪ್ರಿಲ್ 21ರ ಕ್ರೆಡಿಟ್ ಕಾರ್ಡ್ ನಿರ್ದೇಶನ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಗ್ರಾಹಕರಿಗೆ ತಿಳಿಸಿ ಮುಚ್ಚುವ ಕೆಲಸ ಬ್ಯಾಂಕೇ ಶುರು ಮಾಡಬೇಕು ಎಂದು ಅದರಲ್ಲಿದೆ. ಅದು ಜಾರಿಗೆ ಬಂದಾಗ ನನ್ನ ಕಾರ್ಡ್ ಒಂದು ವರ್ಷಕ್ಕೂ ಮೇಲಿನಿಂದ ಸುಮ್ಮನೆ ಬಿದ್ದಿತ್ತು. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಬಾರದು ಎಂದೂ ಇದೆ. ನನ್ನ 31 ಸಾವಿರದಲ್ಲಿ ಅಸಲು ಎನ್ನುವುದೇ ಇರಲಿಲ್ಲ, ಎಲ್ಲ ಬರೀ ಶುಲ್ಕ, ತೆರಿಗೆ, ಬಡ್ಡಿ. 'ಈ ಮೊತ್ತದಲ್ಲಿ ನಾನು ಖರೀದಿ ಮಾಡಿದ್ದು ಎಷ್ಟು ಎಂದು ತೋರಿಸಿ' ಎಂದು ಬರೆದೆ. ಅದಕ್ಕೆ ಕೊನೆಯವರೆಗೂ ಉತ್ತರ ಬರಲಿಲ್ಲ.

ಏಜೆಂಟರ ಬಗ್ಗೆ 2008ರ ಸುತ್ತೋಲೆಯೊಂದಿದೆ. ಗ್ರಾಹಕರು ದೂರು ಕೊಟ್ಟಿದ್ದರೆ, ಅದು ಇತ್ಯರ್ಥ ಆಗುವವರೆಗೆ ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಕಳಿಸಬಾರದು. ಏಜೆನ್ಸಿ ಯಾವುದು ಎಂದು ಬ್ಯಾಂಕೇ ಮೊದಲು ತಿಳಿಸಬೇಕು. ಏಜೆಂಟ್ ಐಡಿ ಕಾರ್ಡ್ ಜೊತೆಗೆ ಬ್ಯಾಂಕಿನ ಅಧಿಕಾರ ಪತ್ರವನ್ನೂ ಇಟ್ಟುಕೊಂಡಿರಬೇಕು. 2022ರ ಆಗಸ್ಟ್ 12ರ ಸುತ್ತೋಲೆ ಇನ್ನೂ ಸ್ಪಷ್ಟ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಸುಳ್ಳು ಹೇಳುವಂತಿಲ್ಲ, ಮನೆಯವರು, ರೆಫರೆನ್ಸ್ ಕೊಟ್ಟವರು, ಸ್ನೇಹಿತರ ಖಾಸಗಿ ಬದುಕಿಗೆ ಕೈಹಾಕುವಂತಿಲ್ಲ. ರಾತ್ರಿ ಬಂದ ಫೋನುಗಳ ಸ್ಕ್ರೀನ್‌ಶಾಟ್, ಅಣ್ಣನಿಗೆ ಬಂದ ಫೋನಿನ ರೆಕಾರ್ಡಿಂಗ್ ಎರಡನ್ನೂ ದೂರಿಗೆ ಸೇರಿಸಿದೆ.

ಸಾಲ ನಿಜವಾಗಿ ಇರುವವರಿಗೂ ಈ ನಿಯಮಗಳೆಲ್ಲ ಅನ್ವಯಿಸುತ್ತವೆ. ಬೆಳೆ ಕೈಕೊಟ್ಟು, ಕೆಲಸ ಹೋಗಿ ಕಂತು ಕಟ್ಟಲಾಗದವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಸಾಲ ಬಾಕಿ ಇಟ್ಟುಕೊಳ್ಳುವುದು ಸಿವಿಲ್ ವಿಷಯ. ಕಂತು ಕಟ್ಟಲಿಲ್ಲ ಎಂಬ ಒಂದೇ ಕಾರಣಕ್ಕೆ ಪೊಲೀಸರು ಬಂದು ಹಿಡಿದುಕೊಂಡು ಹೋಗುವುದಿಲ್ಲ.

ಪತ್ರ ಹೋದ ಮೇಲೆ ವಾಟ್ಸ್ಯಾಪಿನಲ್ಲಿ ಒಂದು 'ಲೀಗಲ್ ನೋಟಿಸ್' ಬಂತು. ಮೇಲೆ ತಕ್ಕಡಿಯ ಚಿತ್ರ, ಕೆಂಪು ಅಕ್ಷರ, ಕೆಳಗೆ ವಕೀಲರ ಹೆಸರು. ಸಹಿ ಇಲ್ಲ, ಕೇಸ್ ನಂಬರ್ ಇಲ್ಲ, ಯಾವ ಕೋರ್ಟ್ ಎಂದೂ ಇಲ್ಲ. ಜೊತೆಗೆ 12 ಸಾವಿರಕ್ಕೆ ಸೆಟಲ್‌ಮೆಂಟ್, ಇವತ್ತೇ ಕೊನೇ ದಿನ ಎಂಬ ಮೆಸೇಜ್. ಮಾರನೇ ದಿನವೂ ಅದೇ ಮೆಸೇಜ್ ಬಂತು. ಕೋರ್ಟಿನಿಂದ ನಿಜವಾದ ಸಮನ್ಸ್ ಬಂದರೆ ಖಂಡಿತ ಹೋಗಬೇಕು, ಅದನ್ನು ಕಡೆಗಣಿಸಬಾರದು. ಇದು ಅದಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಪ್ರಿಂಟ್ ತೆಗೆದು ಇದನ್ನೂ ಫೈಲಿಗೆ ಸೇರಿಸಿದೆ.

ಬ್ಯಾಂಕಿನಿಂದ ಬಂದ ಮೊದಲ ಉತ್ತರ, 'ವಿಶೇಷ ಪ್ರಕರಣವೆಂದು ಪರಿಗಣಿಸಿ ಅರ್ಧ ಮೊತ್ತ ಮಾಫಿ ಮಾಡುತ್ತೇವೆ'. ಅಣ್ಣನಿಗೆ ಇದು ಒಳ್ಳೇದು ಅನ್ನಿಸಿತು. ನಾನು ಒಪ್ಪಲಿಲ್ಲ. ಹೀಗೆ ಕಡಿಮೆ ಕಟ್ಟಿ ಮುಗಿಸಿದ ಖಾತೆಯ ಮೇಲೆ ಕ್ರೆಡಿಟ್ ರಿಪೋರ್ಟಿನಲ್ಲಿ 'ಸೆಟಲ್ಡ್' ಎಂದು ಬರುತ್ತದೆ. ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರು ಎಂದು ಅದರರ್ಥ. ನಾಳೆ ಮನೆ ಸಾಲಕ್ಕೆ ಹೋದರೆ ಮ್ಯಾನೇಜರ್ ಮೊದಲು ನೋಡುವುದು ಅದನ್ನೇ. ಬೇಕಾಗಿದ್ದುದು 'ಕ್ಲೋಸ್ಡ್', ಬಾಕಿ ಸೊನ್ನೆ.

ದೂರು ಕೊಟ್ಟು 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಾನು ಹೋಗಿದ್ದು 2021ರ ಸಂಯೋಜಿತ ಓಂಬುಡ್ಸ್‌ಮನ್ ಯೋಜನೆಯ ಅಡಿ. ಶುಲ್ಕ ಇಲ್ಲ. ಆರ್‌ಬಿಐನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಿದೆ. ಹೇಗೆ ತುಂಬುವುದು ಎಂದು ಅವರ ಸಹಾಯವಾಣಿ 14448ಕ್ಕೆ ಫೋನ್ ಮಾಡಿ ಕೇಳಿದಾಗ ಕನ್ನಡದಲ್ಲೇ ಹೇಳಿದರು. ಬ್ಯಾಂಕಿಗೆ ಮೊದಲು ದೂರು ಕೊಟ್ಟ ದಾಖಲೆ ಇಲ್ಲದಿದ್ದರೆ ಅಲ್ಲಿ ದೂರು ತೆಗೆದುಕೊಳ್ಳುವುದಿಲ್ಲ. ಆ ಮೇಲ್ ಮತ್ತು ಅಂಚೆ ರಸೀದಿ ಕೆಲಸಕ್ಕೆ ಬಂದದ್ದು ಇಲ್ಲೇ.

ಓಂಬುಡ್ಸ್‌ಮನ್ ಕಚೇರಿಯಿಂದ ಬ್ಯಾಂಕಿಗೆ ಪತ್ರ ಹೋದ ಮೇಲೆ ದನಿ ಬದಲಾಯಿತು. ಬ್ಯಾಂಕಿನ ಅಧಿಕಾರಿಯೊಬ್ಬರು ತಾವೇ ಫೋನ್ ಮಾಡಿ, ಮುಚ್ಚಲು ಕೇಳಿದ ಮೇಲ್ ದಾಖಲೆಯಲ್ಲಿದೆ ಎಂದು ಒಪ್ಪಿಕೊಂಡರು. ಶುಲ್ಕ, ಬಡ್ಡಿ ಎಲ್ಲ ರದ್ದು. ಮುಚ್ಚಲು ತಡ ಮಾಡಿದ್ದಕ್ಕೆ ದಿನಕ್ಕೆ 500 ರೂಪಾಯಿ ದಂಡವನ್ನೂ ಕೇಳಿದ್ದೆ. ನೀವು ಕೇಳಿದ್ದು 2020ರಲ್ಲಿ, ಆ ನಿಯಮ ಜಾರಿಗೆ ಬಂದಿದ್ದು 2022ರ ಜುಲೈಯಲ್ಲಿ ಎಂದು ಕೊಡಲಿಲ್ಲ. ಈಗ ಯಾರಾದರೂ ಬಾಕಿಯಿಲ್ಲದ ಕಾರ್ಡ್ ಮುಚ್ಚಲು ಕೇಳಿದರೆ ಬ್ಯಾಂಕಿಗೆ ಇರುವುದು ಏಳು ಕೆಲಸದ ದಿನ. ಅದು ದಾಟಿದರೆ ಆ ದಂಡವನ್ನು ಕೇಳಿ, ಬಿಡಬೇಡಿ.

ಕ್ರೆಡಿಟ್ ರಿಪೋರ್ಟ್ ತಾನಾಗಿ ಸರಿಯಾಗಲಿಲ್ಲ. ಸಿಬಿಲ್‌ಗೆ ಬೇರೆಯಾಗಿ ಡಿಸ್ಪ್ಯೂಟ್, ಅಂದರೆ ತಕರಾರು, ಹಾಕಬೇಕಾಯಿತು. ಬ್ಯಾಂಕ್ ಹೇಳದೆ ಅವರು ಒಂದಕ್ಷರವನ್ನೂ ಬದಲಿಸುವುದಿಲ್ಲ. 2024ರ ಏಪ್ರಿಲ್‌ನಿಂದ, ಇಂಥ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ ಬಂದಿದೆ. ಡಿಸ್ಪ್ಯೂಟಿನಲ್ಲಿ ಅದನ್ನೂ ಬರೆದೆ. ಗಡುವಿನೊಳಗೇ ಸರಿಯಾಯಿತು.

ಬ್ಯಾಂಕಿನಿಂದ ಏನೂ ಬಾಕಿ ಇಲ್ಲ ಎಂಬ ನೋ ಡ್ಯೂಸ್ ಪತ್ರ ತೆಗೆದುಕೊಳ್ಳುವಾಗ, ವಸೂಲಿ ಏಜೆನ್ಸಿಯಿಂದ ಈ ಪ್ರಕರಣ ವಾಪಸ್ ಪಡೆಯಲಾಗಿದೆ ಎಂಬ ಒಂದು ಸಾಲನ್ನೂ ಕೇಳಿ ಬರೆಸಿಕೊಂಡೆ. ಹಳೇ ಶೀಟ್‌ಗಳು ಒಂದು ಏಜೆನ್ಸಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ನನ್ನದೂ ಹೋಗಿತ್ತು. ಕೆಲವು ತಿಂಗಳ ನಂತರ ಬೇರೆ ಏಜೆನ್ಸಿಯಿಂದ ಅದೇ ಕಾರ್ಡಿಗೆ ಫೋನ್ ಬಂತು. ಮೇಲ್ ಐಡಿ ಕೇಳಿ, ಮಾತು ಬೆಳೆಸದೆ ಆ ಪತ್ರ ಕಳಿಸಿದೆ. ಆಮೇಲೆ ಫೋನ್ ಬಂದಿಲ್ಲ. ಮೂಲ ಪತ್ರವನ್ನು ಮನೆ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ, ಒಂದು ಪ್ರತಿ ಅಣ್ಣನ ಮೊಬೈಲಿನಲ್ಲೂ ಇದೆ.