ಹೋಶೇಯನ ಎರಡನೇ ವಚನ

ನಮ್ಮ ಸಭೆಯಲ್ಲಿ ದೊಡ್ಡ ಮಕ್ಕಳ ಸಂಡೇ ಸ್ಕೂಲ್ ತರಗತಿ ನನ್ನದು. ಡಿಸೆಂಬರ್ ಬಂತೆಂದರೆ ಪ್ರವಾದನೆಗಳ ಪಾಠ, ಅಂದರೆ ಯೇಸುವಿನ ಬಗ್ಗೆ ಪ್ರವಾದಿಗಳು ಮೊದಲೇ ಹೇಳಿದ್ದರು ಅನ್ನುವ ಮಾತುಗಳು. ಮೊದಮೊದಲು ಅದನ್ನು ತುಂಬಾ ಸುಲಭ ಮಾಡಿಕೊಂಡಿದ್ದೆ. ಬೋರ್ಡಿನ ಮಧ್ಯೆ ಒಂದು ಗೆರೆ. ಎಡಗಡೆ ಹಳೇ ಒಡಂಬಡಿಕೆ, ಯೇಸುವಿಗಿಂತ ಮೊದಲಿನ ಪುಸ್ತಕಗಳು. ಬಲಗಡೆ ಹೊಸದು, ಯೇಸುವಿನ ಕಥೆ ಇರುವುದು. ಪ್ರವಾದಿ ಮೀಕನ ಪುಸ್ತಕ 5:2ರಲ್ಲಿ (5ನೇ ಅಧ್ಯಾಯ, 2ನೇ ವಚನ) ಯೇಸು ಹುಟ್ಟಿದ ಊರು ಬೇತ್ಲೆಹೇಮ್ ಇದೆ, ಅದರೆದುರು ಯೇಸುವಿನ ಕಥೆ ಬರೆದ ಮತ್ತಾಯನ 2ನೇ ಅಧ್ಯಾಯ. ಜೆಕರ್ಯ 9:9ರಲ್ಲಿ ಅರಸ ಏರಿ ಬರುವ ಕತ್ತೆ ಇದೆ, ಅದರೆದುರು ಮತ್ತಾಯ 21. ಪರೀಕ್ಷೆಯ 'ಹೊಂದಿಸಿ ಬರೆಯಿರಿ' ಇದ್ದ ಹಾಗೆ.

ಒಂದು ಭಾನುವಾರ ಹೋಶೇಯ ಎಂಬ ಪ್ರವಾದಿಯ 11:1 ಬರೆದೆ. 'ನನ್ನ ಮಗನನ್ನು ಐಗುಪ್ತದಿಂದ ಕರೆದೆ' ಎಂಬ ದೇವರ ಮಾತು. ಐಗುಪ್ತ ಅಂದರೆ ಈಜಿಪ್ಟ್. ಎದುರಿಗೆ ಮತ್ತಾಯ 2:15. ಹೆರೋದ ರಾಜನಿಗೆ ಹೆದರಿ ಯೋಸೇಫ, ಮರಿಯ ಕೂಸನ್ನು ಎತ್ತಿಕೊಂಡು ಐಗುಪ್ತಕ್ಕೆ ಓಡಿದ ಕಥೆ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸತ್ಯವೇದ ತೆರೆದಿಟ್ಟುಕೊಂಡೇ ಕೂತಿದ್ದಳು. "ಆಂಟಿ, ಮುಂದಿನ ವಚನ ಓದ್ಲಾ?" ಅಂದಳು. ಓದು ಅಂದೆ. ಕರೆದಷ್ಟೂ ಅವರು ದೂರ ಹೋದರು, ಬಾಳ್ ದೇವತೆಗಳಿಗೆ ಯಜ್ಞ ಮಾಡಿದರು, ವಿಗ್ರಹಗಳಿಗೆ ಧೂಪ ಹಾಕಿದರು ಅಂತಿದೆ ಅಲ್ಲಿ. "ಯೇಸು ಹಾಗೆ ಮಾಡಿದ್ನಾ?" ತರಗತಿ ಗೊಳ್ಳೆಂದಿತು. ನಾನೂ ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ. ಅಷ್ಟು ವರ್ಷ ಪಾಠ ಮಾಡಿದ್ದೆ, ಎರಡನೇ ವಚನ ನೋಡಿರಲಿಲ್ಲ!

ಅವತ್ತು ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದೆ. ಒಂದೇ ನಿಯಮ ಹಾಕಿಕೊಂಡೆ. ಮತ್ತಾಯನನ್ನು ಮುಚ್ಚಿಟ್ಟು ಪ್ರವಾದಿಯ ಇಡೀ ಅಧ್ಯಾಯ ಓದಬೇಕು. ಯಾರಿಗೆ, ಯಾವ ಕಷ್ಟದಲ್ಲಿ ಈ ಮಾತು ಬಂತು ಅಂತ ನೀಲಿ ಶಾಯಿಯಲ್ಲಿ ಬರೆಯಬೇಕು. ಆಮೇಲಷ್ಟೇ ಕೆಂಪು ಶಾಯಿಯಲ್ಲಿ ಸುವಾರ್ತೆಯ, ಅಂದರೆ ಯೇಸುವಿನ ಕಥೆಯ, ಮಾತು.

ಹೋಶೇಯನ ಪುಟದಲ್ಲಿ 'ಮಗ' ಅಂದರೆ ಇಸ್ರಾಯೇಲ್ ಜನ. ಮೋಶೆಯ ಕಾಲದಲ್ಲಿ ಐಗುಪ್ತದ ದಾಸತ್ವದಿಂದಾದ ಬಿಡುಗಡೆಯ ನೆನಪು ಅದು, ಮುಂದಾಗುವುದರ ಮಾತೇ ಅಲ್ಲ. ಮತ್ತಾಯನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಅವನೂ ಯೆಹೂದಿಯೇ. ಅವನ ಕಥೆಯಲ್ಲಿ ಯೇಸು ಐಗುಪ್ತದಿಂದ ಬರುತ್ತಾನೆ, ನೀರಿಗಿಳಿಯುತ್ತಾನೆ, 40 ದಿನ ಅಡವಿಯಲ್ಲಿರುತ್ತಾನೆ. ಐಗುಪ್ತ, ಕಡಲು, 40 ವರ್ಷದ ಅಡವಿ ಅಂತ ಇಸ್ರಾಯೇಲ್ ಜನ ನಡೆದು ಎಡವಿದ ದಾರಿಯನ್ನೇ ಮಗ ಮತ್ತೆ ನಡೆದು ತೋರಿಸುತ್ತಾನೆ. 'ನೆರವೇರಿತು' ಅಂದರೆ ಭವಿಷ್ಯ ನಿಜವಾಯಿತು ಅಂತಷ್ಟೇ ಅಲ್ಲ, ಹಳೇ ಪಾತ್ರೆ ತುಂಬಿತು ಅಂತಲೂ ಆಗುತ್ತದೆ. ಇದು ತಲೆಗೆ ಹೋಗಲು ನನಗೆ ಇಡೀ ಚಳಿಗಾಲ ಹಿಡಿಯಿತು.

ಯೆಶಾಯ 7:14 ಇನ್ನೂ ಕಷ್ಟ ಕೊಟ್ಟಿತು. 'ಕನ್ಯೆಯೊಬ್ಬಳು ಗರ್ಭಿಣಿಯಾಗಿ ಮಗನನ್ನು ಹೆರುವಳು' ಅನ್ನುವ ವಚನ, ಮತ್ತಾಯ ಇದನ್ನು ಯೇಸುವಿನ ಹುಟ್ಟಿಗೆ ಹೇಳುತ್ತಾನೆ. ಕ್ರಿ.ಪೂ. 735ರ ಸುಮಾರು. ಇಬ್ಬರು ಅರಸರು ಯೆರೂಸಲೇಮಿನ ಮೇಲೆ ಬಂದಿದ್ದಾರೆ, ಅಲ್ಲಿನ ರಾಜ ಆಹಾಜ ನಡುಗುತ್ತಿದ್ದಾನೆ. ಹುಟ್ಟುವ ಮಗು ಒಳ್ಳೇದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರ ನಾಡೂ ಪಾಳು ಬೀಳುತ್ತದೆ ಅನ್ನುತ್ತಾನೆ ಪ್ರವಾದಿ. ಹೀಬ್ರೂ ಪದ 'ಅಲ್ಮಾ', ಅಂದರೆ ಹರೆಯದ ಹೆಣ್ಣು. ಯೇಸುವಿಗಿಂತ ಮೊದಲೇ ಗ್ರೀಕಿಗೆ ತಂದ ಯೆಹೂದಿಗಳು 'ಪಾರ್ಥೆನೊಸ್' ಅಂತ ಹಾಕಿದರು. ಅದು ಸಾಮಾನ್ಯವಾಗಿ ಕನ್ಯೆಗೆ ಹೇಳುವ ಪದ. ಮತ್ತಾಯ ಹಿಡಿದದ್ದು ಆ ಗ್ರೀಕ್ ಮಾತನ್ನು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು ಅಂತ ನನಗನ್ನಿಸುತ್ತದೆ. ಇಂದಲ್ಲ ನಾಳೆ ಮೊಬೈಲಿನಲ್ಲಿ ಸಿಕ್ಕೇ ಸಿಗುತ್ತದೆ, ಅಲ್ವಾ?

ಜಾಸ್ತಿ ಹೊತ್ತು ಕೂತದ್ದು ಯೆಶಾಯ 53ರ ಮುಂದೆ. ವಧೆಗೆ ಒಯ್ದ ಕುರಿಯಂತೆ ಬಾಯಿ ತೆರೆಯದ ಸೇವಕ, ಬೇರೆಯವರ ತಪ್ಪಿಗೆ ಗಾಯ ಉಂಡವನು. ಓದಿದರೆ ನನಗೆ ಶಿಲುಬೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ 11ನೇ ಶತಮಾನದ ರಾಶಿ ಎಂಬ ಯೆಹೂದಿ ಪಂಡಿತನಿಗೆ ಇಲ್ಲಿ ಕಂಡದ್ದು ನೊಂದ ಇಸ್ರಾಯೇಲ್. ಅದಕ್ಕೆ ಆಧಾರವೂ ಇದೆ. 49:3ರಲ್ಲಿ 'ನೀನೇ ನನ್ನ ಸೇವಕ, ಇಸ್ರಾಯೇಲೇ' ಅಂತಲೇ ಇದೆ. ಎರಡು ವಚನ ದಾಟಿದರೆ ಅದೇ ಸೇವಕ ಇಸ್ರಾಯೇಲನ್ನು ತಿರುಗಿ ತರುವವನು! 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗವಿಯಲ್ಲಿ ಯೆಶಾಯನ ಸುರುಳಿ ಸಿಕ್ಕಿತು. ಏಳು ಮೀಟರಿಗೂ ಉದ್ದ, ಯೇಸುವಿಗಿಂತ ಹಳೆಯದು. 53ನೇ ಅಧ್ಯಾಯ ಅದರಲ್ಲೂ ಇದೆ, ಅಂದಮೇಲೆ ಕ್ರೈಸ್ತರು ಆಮೇಲೆ ಸೇರಿಸಿದ್ದಲ್ಲ. ಸೇವಕ ಯಾರು ಅಂತ ಮಾತ್ರ ಸುರುಳಿ ಹೇಳುವುದಿಲ್ಲ. ಅಪೊಸ್ತಲರ ಕೃತ್ಯ 8ರಲ್ಲಿ ರಥದಲ್ಲಿ ಕೂತ ಇಥಿಯೋಪಿಯದ ಅಧಿಕಾರಿ ಫಿಲಿಪ್ಪನಿಗೆ ಕೇಳಿದ್ದೂ ಇದನ್ನೇ. ಪ್ರವಾದಿ ಹೇಳೋದು ತನ್ನ ಬಗ್ಗೆಯೋ, ಇನ್ನೊಬ್ಬನ ಬಗ್ಗೆಯೋ?

ನನಗೆ ದಾರಿ ಕಂಡದ್ದು ಲೂಕ 24ರಲ್ಲಿ. ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಎಮ್ಮಾಹು ಎಂಬ ಊರಿಗೆ ಹೊರಟ ಶಿಷ್ಯರಿಬ್ಬರು ಸೋತ ಮುಖದಲ್ಲಿದ್ದಾರೆ. ಇವನೇ ಇಸ್ರಾಯೇಲನ್ನು ಬಿಡಿಸುತ್ತಾನೆ ಅಂದುಕೊಂಡಿದ್ದೆವು ಅನ್ನುತ್ತಾರೆ. ಮೆಸ್ಸೀಯ ಅಂದರೆ ದೇವರು ಕಳಿಸುವ ಬಿಡುಗಡೆಯ ಅರಸ. ಸಾಯುವ ಮೆಸ್ಸೀಯ ಅವರ ಲೆಕ್ಕದಲ್ಲೇ ಇರಲಿಲ್ಲ. ಮತ್ತೆ ಎದ್ದು ಬಂದ ಯೇಸುವನ್ನು ಕಂಡಮೇಲೆ ಹಳೇ ಪುಸ್ತಕ ಅವರಿಗೆ ಬೇರೆ ಥರ ಕಂಡಿತು. ಹಾಗಾಗಿ ಈಗ ಬೋರ್ಡಿನಲ್ಲಿ ಮೊದಲು ಬರೆಯುವುದು ಬಲಗಡೆ. ಅಲ್ಲಿಂದ ಎಡಕ್ಕೆ ಹೋಗುತ್ತೇವೆ.

ಕಳೆದ ಡಿಸೆಂಬರಿನಲ್ಲಿ ಒಬ್ಬ ಹುಡುಗ ಯೆಶಾಯ 2:4 ಹಿಡಿದುಕೊಂಡು ಬಂದ. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುವ ವಚನ. "ಇದಕ್ಕೆ ಎದುರು ಏನು ಬರೀಬೇಕು ಆಂಟಿ?" ಯೆಹೂದಿಗಳು ನಮ್ಮನ್ನು ಕೇಳುವುದೂ ಇದನ್ನೇ, ಮೆಸ್ಸೀಯ ಬಂದಾಯ್ತು ಅಂತೀರಿ, ಶಾಂತಿ ಎಲ್ಲಿ ಅಂತ. ಯೇಸು ಮತ್ತೆ ಬರುವಾಗ ಅನ್ನುವುದು ಸಭೆಯ ಉತ್ತರ, ನನ್ನ ನಂಬಿಕೆಯೂ ಅದೇ. ನಜರೇತಿನಲ್ಲಿ ಯೇಸು ಯೆಶಾಯ 61 ಓದಿ, 'ಮುಯ್ಯಿ ತೀರಿಸುವ ದಿನ' ಅನ್ನುವ ಮಾತಿಗೆ ಮೊದಲೇ ಸುರುಳಿ ಸುತ್ತಿ ಕೊಟ್ಟದ್ದನ್ನೂ ಹೇಳಿದೆ, ಉಳಿದದ್ದು ಇನ್ನೂ ಬಾಕಿ ಅನ್ನುವ ಹಾಗೆ. ಹುಡುಗ ಎಡಗಡೆ 2:4 ಬರೆದ. ಬಲಗಡೆ ಏನೂ ಬರೆಯದೆ ಸೀಮೆಸುಣ್ಣ ಕೆಳಗಿಟ್ಟ.