ಚಂದ್ರನ ಮೊಲದಲ್ಲಿ ಯಾವ ಖನಿಜ ಇದೆ? ಕಾರವಾರದ ತಾರಸಿಯಿಂದ ನಕ್ಷೆ ಶುರು ಮಾಡುವ ಬಗೆ

ಚಿಕ್ಕಂದಿನಿಂದ ಚಂದ್ರನಲ್ಲಿ ಒಂದು ಮೊಲ ನೋಡಿದ್ದೀವಿ, ಅಲ್ವಾ? ಆ ಮೊಲ ಪೂರ್ತಿ ಬಸಾಲ್ಟ್ ಕಲ್ಲು. ಅದರಲ್ಲಿ ಹೆಚ್ಚಿನದ್ದು 300ರಿಂದ 400 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ದೊಡ್ಡ ತಗ್ಗುಗಳಲ್ಲಿ ತುಂಬಿಕೊಂಡು ಗಟ್ಟಿಯಾದದ್ದು. ಕಣ್ಣಿಗೆ ಎಲ್ಲಾ ಒಂದೇ ಕಪ್ಪು. ಆದರೆ ಲಾವಾ ಒಂದೇ ಅಲ್ಲ, ಅದನ್ನು ನೀವೇ ಬೇರೆ ಮಾಡಿ ತೋರಿಸಬಹುದು.

ಮೊದಲು ಫೋಟೋ. ಡಿಸೆಂಬರ್ ಅಥವಾ ಜನವರಿಯ ಹುಣ್ಣಿಮೆ ಹಿಡಿಯಿರಿ, ಆಗ ನಡುರಾತ್ರಿ ಚಂದ್ರ ಕಾರವಾರದಲ್ಲಿ ಹೆಚ್ಚುಕಡಿಮೆ ನೆತ್ತಿ ಮೇಲೆ ಇರುತ್ತಾನೆ. ಮಳೆಗಾಲದಲ್ಲಿ ಪ್ರಯತ್ನ ಬೇಡ. ನನ್ನ ಮೊದಲ ಫೋಟೋ ತೆಗೆದದ್ದು ಚಂದ್ರ ಘಟ್ಟದ ಮೇಲೆ ಆಗಷ್ಟೇ ಮೂಡುವಾಗ. ಎಲ್ಲಾ ಕಿತ್ತಳೆ ಬಣ್ಣ, ನಾನು ಅದನ್ನೇ ಖನಿಜ ಅಂದುಕೊಂಡು ಒಂದು ವಾರ ಕಳೆದೆ. ಅದು ನಮ್ಮ ಗಾಳಿಯ ಬಣ್ಣ. ಕಡಲ ತೇವಕ್ಕೆ ಲೆನ್ಸ್ ಬೇಗ ಮಂಜಾಗುತ್ತದೆ, ಆಗಾಗ ಟಾರ್ಚ್ ಹಾಕಿ ನೋಡಿಕೊಳ್ಳಿ. 300 ಎಂಎಂ ಲೆನ್ಸ್ ಅಥವಾ ಸಣ್ಣ ದೂರದರ್ಶಕ ಸಾಕು. ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ಐವತ್ತು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸಿ, ಆಮೇಲೆ ಬಣ್ಣದ ಸ್ಯಾಚುರೇಶನ್, ಅಂದರೆ ಗಾಢತೆ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ.

ಮೊಲದ ತಲೆ, ಅಂದರೆ ಟ್ರಾಂಕ್ವಿಲಿಟಾಟಿಸ್ ಎಂಬ ಲಾವಾ ಬಯಲು, ನೀಲಿಗೆ ತಿರುಗುತ್ತದೆ. ಪಕ್ಕದ ಸೆರೆನಿಟಾಟಿಸ್ ಬಯಲಿನ ನಡುಭಾಗ ಕಂದು ಕಿತ್ತಳೆ. ನೀಲಿ ಅಂದರೆ ಟೈಟಾನಿಯಂ ಜಾಸ್ತಿ, ಅದು ಇರುವುದು ಇಲ್ಮನೈಟ್ ಎಂಬ ಕಪ್ಪು ಖನಿಜದಲ್ಲಿ. ನಮ್ಮ ಚಿರೆಕಲ್ಲು ಕೆಂಪಾಗಿರುವುದು ಕಬ್ಬಿಣಕ್ಕೆ ನೀರು, ಗಾಳಿ ತಾಗಿದ್ದರಿಂದ. ಚಂದ್ರನ ಕೆಂಪನ್ನು ಹಾಗೆ ಓದಬೇಡಿ, ಅಲ್ಲಿ ಅದು ಇಲ್ಮನೈಟ್ ಕಡಿಮೆ ಅನ್ನುವ ಗುರುತು. ಇದು ಸುಮ್ನೆ ಊಹೆ ಅಲ್ಲ. 1969ರಲ್ಲಿ ಅಪೋಲೋ 11 ಇಳಿದದ್ದು ಆ ನೀಲಿ ಜಾಗದಲ್ಲೇ, ತಂದ ಬಸಾಲ್ಟ್‌ನಲ್ಲಿ ಟೈಟಾನಿಯಂ ತುಂಬಾ ಇತ್ತು. ಟೈಟಾನಿಯಂ ಡೈಆಕ್ಸೈಡ್ ಶೇ. 6ಕ್ಕಿಂತ ಹೆಚ್ಚಿದ್ದರೆ ಹೈ-ಟೈಟಾನಿಯಂ, ಶೇ. 1ಕ್ಕಿಂತ ಕಡಿಮೆ ಇದ್ದರೆ ತೀರಾ ಕಡಿಮೆಯದು ಅಂತ ವಿಂಗಡಿಸುತ್ತಾರೆ. ಬಿಳಿಯ ಎತ್ತರದ ಪ್ರದೇಶಕ್ಕೆ ಈ ಲೆಕ್ಕ ಹಾಕಬೇಡಿ, ಅದು ಬಸಾಲ್ಟೇ ಅಲ್ಲ.

ಬಣ್ಣ ಇಷ್ಟೇ ಹೇಳುತ್ತದೆ. ಬಸಾಲ್ಟ್‌ನ ಬೇರೆ ಖನಿಜಗಳಾದ ಪೈರಾಕ್ಸೀನ್, ಒಲಿವೀನ್ ಬೇಕಿದ್ದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೇಕು, ಅದಕ್ಕೆ ನಮ್ಮದೇ ಚಂದ್ರಯಾನ-1 ನೌಕೆಯ ಡೇಟಾ ಇದೆ. 2008ರ ಅಕ್ಟೋಬರ್ 22ರಂದು ಹಾರಿದ ಅದರಲ್ಲಿ ನಾಸಾದ ಮೂನ್ ಮಿನರಾಲಜಿ ಮ್ಯಾಪರ್ ಎಂಬ ಉಪಕರಣ ಇತ್ತು. ಅದು ಒಂದೊಂದು ಚುಕ್ಕೆಯ ಬೆಳಕನ್ನೂ ತರಂಗಾಂತರದ ಪ್ರಕಾರ 85 ಪಟ್ಟಿಗಳಾಗಿ ಒಡೆದು ಅಳೆದಿದೆ. ಡೇಟಾ ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಮ್‌ನಲ್ಲಿ ಉಚಿತ. ಲೆವೆಲ್ 2 ಫೈಲ್ (ನೆಲ ಎಷ್ಟು ಬೆಳಕು ಮರಳಿಸಿತು ಅಂತ ಲೆಕ್ಕ ಹಾಕಿಟ್ಟದ್ದು) ಇಳಿಸಿ, ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ.

ಇಲ್ಲಿ ಒಂದು ವಿಷಯ ತಲೆಯಲ್ಲಿರಲಿ. ಮಾಜಾಳಿ ಹತ್ತಿರದ ತಿಳ್ಮಾತಿ ಮರಳು ದೂರದಿಂದ ಒಂದೇ ಕಪ್ಪು, ಅಂಗೈಗೆ ತಗೊಂಡರೆ ಎಳ್ಳಿನಂಥ ಕಾಳು ಕಾಳು. ನಿಮ್ಮ ಒಂದು ಪಿಕ್ಸೆಲ್ ಅಂದರೆ 140 ಮೀಟರ್ ಅಗಲದ ನೆಲ, ಅದರೊಳಗೆ ಎಲ್ಲಾ ಖನಿಜವೂ ಬೆರೆತಿರುತ್ತದೆ. ಮೇಲಿನ ಹಳೆಯ ಪುಡಿಯಂತೂ ಸೌರಗಾಳಿ, ಸಣ್ಣ ಉಲ್ಕೆಗಳ ಹೊಡೆತ ತಿಂದು ಮಂಕಾಗಿದೆ. ಅದಕ್ಕೇ ಬಯಲಿನ ಮೇಲೆ ಕ್ಲಿಕ್ ಮಾಡಬೇಡಿ, ಬಯಲ ನಡುವೆ ಬೆಳ್ಳಗೆ ಹೊಳೆಯುವ ಚಿಕ್ಕ ಹೊಸ ಕುಳಿ ಹುಡುಕಿ. ಅದು ಒಳಗಿನ ಕಲ್ಲನ್ನು ಹೊರಗೆ ಹಾಕಿರುತ್ತದೆ.

ಆ ಕುಳಿಯ ಅಂಚಿನ ಪಿಕ್ಸೆಲ್‌ನ ಗ್ರಾಫ್ ತೆಗೆಯಿರಿ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಮರಳಿದೆ ಅನ್ನುವ ಗೆರೆ. 750 ನ್ಯಾನೋಮೀಟರ್‌ನಿಂದ ಸುಮಾರು 1,600ರವರೆಗೆ ಒಂದು ನೇರ ಗೆರೆ ಎಳೆದು, ಗ್ರಾಫನ್ನು ಅದರಿಂದ ಭಾಗಿಸಿ. ಈಗ ಖನಿಜ ಬೆಳಕು ಹೀರಿದ ಕಡೆ ಗ್ರಾಫಿನಲ್ಲಿ ತಗ್ಗು ಸ್ಪಷ್ಟವಾಗುತ್ತದೆ. ತಗ್ಗು 1,000ದ ಹತ್ತಿರ, 2,000 ದಾಟಿ ಇನ್ನೊಂದು ತಗ್ಗು ಇದ್ದರೆ ಕ್ಯಾಲ್ಸಿಯಂ ಹೆಚ್ಚಿರುವ ಪೈರಾಕ್ಸೀನ್, ಬಸಾಲ್ಟ್‌ನಲ್ಲಿ ಮಾಮೂಲಾಗಿ ಸಿಗುವುದು ಇದೇ. ಮೊದಲ ತಗ್ಗು 900ರ ಕಡೆ ಸರಿದರೆ ಕ್ಯಾಲ್ಸಿಯಂ ಕಡಿಮೆ. 1,050ರ ಸುತ್ತ ಅಗಲವಾದ ತಗ್ಗು ಒಂದೇ ಇದ್ದು ಎರಡನೆಯದು ಇಲ್ಲದಿದ್ದರೆ ಒಲಿವೀನ್. ಎರಡನೆಯ ತಗ್ಗು ಸಣ್ಣದಾಗಿ ಕಂಡರೆ ಎರಡೂ ಬೆರೆತಿರಬಹುದು, ಒಂದೇ ಹೆಸರು ಬರೆದು ಮುಗಿಸಬೇಡಿ.

ನಕ್ಷೆಯನ್ನು ಸೆರೆನಿಟಾಟಿಸ್‌ನ ದಕ್ಷಿಣ ಅಂಚಿನಿಂದ ಶುರು ಮಾಡಿ. ಅಲ್ಲಿ ನೀಲಿ ಮತ್ತು ಕಂದು ಲಾವಾ ಮುಖಾಮುಖಿ ಕೂತಿವೆ. ಗಡಿಯ ಎರಡೂ ಕಡೆ ಐದೈದು ಕುಳಿಗಳ ಗ್ರಾಫ್ ತೆಗೆದು, ನಿಮ್ಮ ಫೋಟೋ ಮೇಲೆ ಚುಕ್ಕೆ ಹಾಕುತ್ತಾ ಬನ್ನಿ.